ನಿಲುವಂಗಿ ತೆಗೆದಿಟ್ಟು ಬನ್ನಿ

ಕೊಪ್ಪದಲ್ಲಿ ಪಾದ್ರಿಯಾಗಿದ್ದ ವರ್ಷಗಳಲ್ಲಿ ನನಗೆ ಹೇಸಿಗೆ ಹುಟ್ಟಿಸಿದ್ದು ಈ ಒಂದು ಮಾತು. ಕಾಯಿಲೆಯವರಿಗೆ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸಲು ಶೃಂಗೇರಿ, ನರಸಿಂಹರಾಜಪುರ ಅಂತ ಬೈಕಿನಲ್ಲಿ ಸೊಂಟ ಮುರಿದುಕೊಂಡು ಹೋದರೆ, ಮನೆಯವರು ಅಂಗಳದಲ್ಲೇ ತಡೆಯುತ್ತಿದ್ದರು.

"ಫಾದರ್, ಆ ನಿಲುವಂಗಿ ತೆಗೆದಿಟ್ಟು ಬನ್ನಿ. ತನ್ನ ಕಾಲ ಮುಗೀತು ಅಂತ ಅಪ್ಪ ಹೆದರ್ತಾರೆ."

"ಈ ತೈಲ ಸಾಯೋರಿಗಲ್ಲ ಮಾರಾಯ್ರೇ, ಗುಣ ಆಗ್ಲಿ ಅಂತ ಹಚ್ಚೋದು" ಎಂದರೆ ಯಾರು ಕೇಳಬೇಕು? ಥೂ, ನಾನೇನು ಯಮದೂತನೇ! ಮನಸ್ಸಿನಲ್ಲೇ ಬೈಯುತ್ತ ನಿಲುವಂಗಿ ಕಳಚಿ, ಮುಖಕ್ಕೆ ಒಂದು ನಗು ತಂದುಕೊಂಡು ಒಳಗೆ ಹೋಗುತ್ತಿದ್ದೆ.

ಒಮ್ಮೆ ನನಗೇ ಕಾಮಾಲೆಯಾಗಿ ಹಾಸಿಗೆ ಹಿಡಿದೆ. ಆರೈಕೆಗೆ ಊರಿಂದ ತಂಗಿ ಬಂದಿದ್ದಳು. ಪಕ್ಕದೂರಿನ ಪಾದ್ರಿ ನೋಡಲು ಬಂದಾಗ ಬಾಗಿಲಲ್ಲಿ ಅವಳ ಪಿಸುಮಾತು ಕೇಳಿಸಿತು.

"ಫಾದರ್, ನಿಲುವಂಗಿ ಇಲ್ಲೇ ತೆಗೆದಿಡಿ. ಅಣ್ಣ ಹೆದರ್ತಾನೆ."

ಪಾದ್ರಿಯ ತಂಗಿಯ ಬಾಯಲ್ಲೂ ಅದೇ ಮಾತು! ಮೈಯೆಲ್ಲ ಉರಿಯಿತು. ಆ ಪಾದ್ರಿಯಾದರೂ ಅವಳನ್ನು ಗದರಿಸಿಯಾರು ಎಂದು ಕಾದೆ. ಅವರು ಬರೀ ಶರ್ಟು ಪ್ಯಾಂಟಿನಲ್ಲಿ, ಕೈಯಲ್ಲಿ ಮೂಸಂಬಿ ಹಿಡಿದು, ನಗುತ್ತ ಒಳಗೆ ಬಂದರು. ನಿಲುವಂಗಿಯಲ್ಲೇ ಬಂದಿದ್ದರೆ ನಾನು ಹೆದರುತ್ತಿರಲಿಲ್ಲ. ಆ ನಗು ಕಂಡದ್ದೇ ನನ್ನ ಎದೆ ಧಸಕ್ಕೆಂದಿತು.