ಹೇಮಿಬಾಯಿಯ ಗಿರಾಕಿಗಳು

ಘಲ್, ಘಲ್. ಕಲಂಗೂಟದ ಕಡಲತೀರದ ಮರಳಿನ ಮೇಲೆ ಹೇಮಿಬಾಯಿ ಬರುತ್ತಿದ್ದಾಳೆಂದು ಅವಳ ಜಡೆಗೆ ಕಟ್ಟಿದ ಗೆಜ್ಜೆಗಳೇ ಮೊದಲು ಹೇಳುತ್ತಿದ್ದವು. ಗಂಡ ಠಾಕಪ್ಪನೊಂದಿಗೆ ವಿಜಾಪುರ ಕಡೆಯ ತಾಂಡಾದಿಂದ ಬಂದವಳು. ಅರಿವೆಗೆ ಬಣ್ಣ ಹಾಕುವುದು ಅವನ ಕೆಲಸ. ಕನ್ನಡಿ ಚೂರು ಹೊಲಿದು ಚೀಲ ಮಾಡಿ ಮಾರುವುದು ಇವಳದು. ಬಿಸಿಲಿಗೆ ಮೈಯೊಡ್ಡಿ ಮಲಗಿದ ವಿದೇಶಿಯರು ಬೇಡವೆಂದು ಕಣ್ಣು ಮುಚ್ಚಿದರೆ ಅವಳು ಪೀಡಿಸುತ್ತಿರಲಿಲ್ಲ. ಪಕ್ಕದಲ್ಲೇ ಕೂತು ತನ್ನಷ್ಟಕ್ಕೆ ಹೊಲಿಯುವಳು. ಸ್ವಲ್ಪ ಹೊತ್ತಿಗೆ ಅವರೇ ಎದ್ದು ಕೂತು ಬೆಲೆ ಕೇಳುವರು.

ತೊಂಬತ್ತೊಂದರ ಚಳಿಗಾಲದಲ್ಲಿ ಅವಳ ಎದೆಯಲ್ಲೊಂದು ಗಂಟು ಕಾಣಿಸಿತು. ದೊಡ್ಡಾಸ್ಪತ್ರೆಯಲ್ಲಿ ಸೂಜಿ ಹಾಕಿ ಪರೀಕ್ಷಿಸಿ, ಕ್ಯಾನ್ಸರ್, ಬೇಗ ಆಪರೇಶನ್ ಆಗಬೇಕು ಎಂದರು. ಆಸ್ಪತ್ರೆಗೆ ಸೇರುವ ದಿನ ಬೆಳಿಗ್ಗೆ ಅವಳು ಬಸ್ಸಿಗೆ ಹೊರಟು ನಿಂತಾಗ, ಠಾಕಪ್ಪ ಬೇರಿನ ಪುಡಿ ಮಾರುವ ಮೋತಿಲಾಲನನ್ನು ಕರೆತಂದ. ಹೆಂಡತಿಯ ಮೈಗೆ ಕತ್ತಿ ಹಾಕುತ್ತಾರೆಂಬ ಮಾತು ಅವನ ನಿದ್ದೆ ಕೆಡಿಸಿತ್ತು.

ಕತ್ತಿ ತಾಗಿದ ಮೈಗೆ ಪುಡಿ ಹತ್ತುವುದಿಲ್ಲ, ಆಸ್ಪತ್ರೆ ಬಿಡಬೇಕು ಎಂಬುದು ಮೋತಿಲಾಲನ ಷರತ್ತು. ಗುಣವಾದವರ ಫೋಟೋಗಳನ್ನು ಚಾಪೆಯ ಮೇಲೆ ಹರಡಿದ. ಡಿಚೋಲಿಯ ಲಾರಿ ಕ್ಲೀನರ್ ಒಬ್ಬ, ವಾಳಪೈಯ ಮುದುಕಿ ಒಬ್ಬಳು, ಇನ್ನೂ ಯಾರ್ಯಾರೋ, ಎಲ್ಲರೂ ನಗುತ್ತಿದ್ದರು. ನೋಡನೋಡುತ್ತ ಠಾಕಪ್ಪನ ಮುಖವೂ ಅರಳಿತು.

ಹೇಮಿಬಾಯಿ ಕೂತು ಒಂದೊಂದನ್ನೇ ಎತ್ತಿ ನೋಡಿದಳು. ಇವರಿಗೆ ಕ್ಯಾನ್ಸರ್ ಇತ್ತೆಂದು ಯಾರು ಹೇಳಿದರು ಎಂದು ಕೇಳಿದಳು. ನಾಡಿ ಹಿಡಿದು ತಾನೇ ಹೇಳಿದ್ದು ಎಂದು ಮೋತಿಲಾಲ ಬೀಗಿದ. ವಾಸಿಯಾಯಿತು ಎಂದದ್ದು? ಅದೂ ಅವನೇ. ಪುಡಿ ತಿಂದೂ ಸತ್ತವರು? ಹಾಗೆಂದು ದೂರಲು ಇವತ್ತಿನವರೆಗೆ ಒಬ್ಬರೂ ಬಂದಿಲ್ಲ ಎಂದ.

ಅವಳಿಗೆ ನಗು ತಡೆಯಲಾಗಲಿಲ್ಲ.

"ಅಣ್ಣಾ, ನನ್ನ ಚೀಲದ ಬಣ್ಣ ಬಿಡೂದಿಲ್ಲಂತ ನಾನೂ ದಿನಾ ಆಣಿ ಮಾಡ್ತೀನಿ. ಒಬ್ಬ ಗಿರಾಕಿನೂ ತಿರುಗಿ ಬಂದು ಬೈದಿಲ್ಲ. ಬಣ್ಣ ಬಿಡೂದ್ರಾಗ ಅವರು ಇಮಾನ ಹತ್ತಿ ತಮ್ಮ ಊರು ಮುಟ್ಟಿರ್ತಾರ. ನಿನ್ನ ಗಿರಾಕಿಗಳು ಅದಕ್ಕಿಂತ ದೂರ ಹೋಗ್ಯಾರ."

ಮೋತಿಲಾಲನಿಗಿಂತ ಹೆಚ್ಚು ಬೆಚ್ಚಿದವನು ಠಾಕಪ್ಪ.

"ನಾ ಹಾಕಿದ ಬಣ್ಣ ಬಿಡತೈತೇನ?"

"ಮೊದಲ್ನೇ ನೀರಿಗೇ."

ಮುಖ ಸಣ್ಣದು ಮಾಡಿಕೊಂಡ ಠಾಕಪ್ಪ, ಆಸ್ಪತ್ರೆಯ ಡಾಕ್ಟರಬಾಯಿಯಾದರೂ ಗ್ಯಾರಂಟಿ ಕೊಟ್ಟಿದ್ದಾಳೆಯೇ ಎಂದು ಕೇಳಿದ. ಹೇಮಿಬಾಯಿಯ ನಗು ನಿಂತಿತು.

"ಇಲ್ಲ. ಎಷ್ಟು ಮಂದಿ ಉಳೀತಾರ, ಎಷ್ಟು ಮಂದಿ ಸಾಯ್ತಾರ, ಎರಡೂ ಹೇಳ್ಯಾಳ. ಸತ್ತವರ ಲೆಕ್ಕ ಮುಚ್ಚಿಡಲಾರದಕಿ ಕತ್ತಿ ಮುಂದ ನಾ ಮಲಗ್ತೀನಿ."

ಮೋತಿಲಾಲ ಸೋಲಲಿಲ್ಲ. ಪುಡಿಯನ್ನು ಜೇನುತುಪ್ಪದಲ್ಲಿ ಕಲಸುವ ಬಗೆಯನ್ನು ವಿವರಿಸತೊಡಗಿದ. ಇತ್ತ ಠಾಕಪ್ಪ, ಕೆಂಪು ಬಿಡುತ್ತದೆಯೋ ನೀಲಿಯೋ, ಅಷ್ಟಾದರೂ ಹೇಳು ಎಂದು ಗೋಗರೆಯುತ್ತಿದ್ದ. ಇಬ್ಬರೂ ಒಟ್ಟಿಗೇ ಮಾತಾಡುತ್ತಿರುವಾಗಲೇ ಹೇಮಿಬಾಯಿ ಫೋಟೋಗಳನ್ನು ತುಳಿಯದಂತೆ ದಾಟಿ ಹೊರಬಿದ್ದು, ಬಸ್ಸಿನ ದಾರಿ ಹಿಡಿದಿದ್ದಳು.