ಮೂರನೇ ಪ್ಲಾನಿನಲ್ಲಿ ಉಳಿದ ರಂಗಮ್ಮ

2024ರ ಜನವರಿ. ಮಧುಗಿರಿ ಬಸ್ ನಿಲ್ದಾಣದ ಹತ್ತಿರ ನನ್ನ ಟ್ರಾವೆಲ್ ಆಫೀಸು ಶುರುವಾಗಿ ಆಗ ಹತ್ತೊಂಬತ್ತು ವರ್ಷ. ಆಫೀಸು ಎಂದರೆ ಎರಡು ಕುರ್ಚಿ, ಒಂದು ಪ್ರಿಂಟರ್. ಮಾಲೀಕ, ಗುಮಾಸ್ತ, ಟೂರ್ ಮ್ಯಾನೇಜರ್ ಎಲ್ಲ ನಾನೇ. ಕಾಶಿ, ರಾಮೇಶ್ವರದಿಂದ ಶುರು ಮಾಡಿದವನು ಅಷ್ಟು ಹೊತ್ತಿಗೆ ಏಳು ದೇಶ ತೋರಿಸಿದ್ದೆ. ನಾನು ನೋಡಿದ್ದು ಮಾತ್ರ ಡ್ರೈವರ್ ಪಕ್ಕದ ಸೀಟಿನಿಂದ, ಊಟಕ್ಕೆ ಕೂರುತ್ತಿದ್ದದ್ದು ಎಲ್ಲರದೂ ಮುಗಿದ ಮೇಲೆ. ಒಬ್ಬನೇ ಇರುವುದು ನನಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಬೇರೆಯವರ ಒಂಟಿತನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ನಮ್ಮ ತಾಲ್ಲೂಕಿನ ಒಂದು ಹೈಸ್ಕೂಲಿನಿಂದ ನಿವೃತ್ತರಾದ ಹನ್ನೊಂದು ಮಂದಿ ಹೆಂಗಸರು ಶ್ರೀಲಂಕಾಕ್ಕೆ ಹೋಗಬೇಕೆಂದು ಬಂದರು. ಕೊಲಂಬೊ, ಕ್ಯಾಂಡಿ, ನುವಾರ ಎಲಿಯ, ‘ಎಲ್ಲ’ ಎಂಬ ಊರು, ಗಾಲೆ. ಒಟ್ಟು ಆರು ರಾತ್ರಿ. ಹತ್ತು ಜನ ಟೀಚರುಗಳು, ಹನ್ನೊಂದನೆಯವರು ಅದೇ ಶಾಲೆಯಲ್ಲಿ ಅಟೆಂಡರ್ ಆಗಿದ್ದ ಬಡವನಹಳ್ಳಿಯ ರಂಗಮ್ಮ. ಎಲ್ಲರ ಪೆನ್ಷನ್ನೂ ಒಂದೇ ಅಲ್ಲವಲ್ಲ. ಅದಕ್ಕೆ ನಾನು ಮೂರು ಪ್ಲಾನ್ ಮಾಡಿದೆ. ಹಗಲು ಎಲ್ಲರಿಗೂ ಒಂದೇ ಬಸ್ಸು. ರಾತ್ರಿ ಮೊದಲ ಪ್ಲಾನಿನವರಿಗೆ ದೊಡ್ಡ ಹೋಟೆಲ್, ಎರಡನೆಯವರಿಗೆ ಸಾಧಾರಣದ್ದು, ಮೂರನೆಯವರಿಗೆ ಗೆಸ್ಟ್ ಹೌಸ್. ರೈಲಿನಲ್ಲೂ ಹಾಗೇ ಫಸ್ಟ್, ಸೆಕೆಂಡ್, ಥರ್ಡ್ ಕ್ಲಾಸ್. ದುಡ್ಡಿಲ್ಲವೆಂದು ಯಾರೂ ಹಿಂದೆ ಉಳಿಯದಂಥ ಪ್ಲಾನ್ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊದಲನೆಯದಕ್ಕೆ ನಾಲ್ವರು, ಎರಡನೆಯದಕ್ಕೆ ಇಬ್ಬರು, ಮೂರನೆಯದಕ್ಕೆ ರಂಗಮ್ಮ ಸೇರಿ ಐವರು ಹೆಸರು ಕೊಟ್ಟರು. ಗಣಿತದ ಟೀಚರ್ ಪುಟ್ಟಲಕ್ಷ್ಮಿಯವರೂ ಮೂರನೆಯದರಲ್ಲೇ ಇದ್ದಾರೆಂದು ತಿಳಿದು ರಂಗಮ್ಮನ ಮುಖ ಅರಳಿತು.

“ಮೂವತ್ತು ವರ್ಷ ಅವ್ರಿಗೆ ಟೀ ಕೊಟ್ಟಿವ್ನಿ ಸಾರ್. ಒಂದಿನಾನೂ ಜೊತೇಲಿ ಕುಂತ್ಕಂಡು ಕುಡ್ದಿಲ್ಲ. ಇದೊಂದ್ ಆಸೆ ಐತೆ” ಎಂದರು.

ಆಮೇಲೆ ನಾನು ಮಾಡಿದ ಕೆಲಸ ನೋಡಿ. ಯಾರು ಯಾವ ಪ್ಲಾನು ಎಂಬ ಪಟ್ಟಿಯನ್ನು ನೀಟಾಗಿ ಟೈಪ್ ಮಾಡಿ ಅವರ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟೆ. ಅಗ್ಗದ ಪ್ಲಾನಿನಲ್ಲಿ ತಮ್ಮ ಹೆಸರು ಎಲ್ಲರಿಗೂ ಕಂಡದ್ದೇ, ಅವತ್ತು ಸಂಜೆಯಿಂದಲೇ ನನಗೆ ಫೋನುಗಳು. ಪುಟ್ಟಲಕ್ಷ್ಮಿಯವರಿಗೆ ಸೊಂಟ ನೋವು, ಲಿಫ್ಟ್ ಇರುವ ಹೋಟೆಲೇ ಆಗಬೇಕಂತೆ. ಇನ್ನೊಬ್ಬರಿಗೆ ಅಳಿಯ ದುಡ್ಡು ಕೊಡುತ್ತೇನೆಂದು ಹಟ ಹಿಡಿದನಂತೆ. ಮತ್ತೊಬ್ಬರಿಗೆ ಬಿಪಿ. ನಾಲ್ಕನೆಯವರು ಕಾರಣವನ್ನೇ ಹೇಳಲಿಲ್ಲ. ನಾಲ್ವರೂ ಎರಡನೇ ಪ್ಲಾನಿಗೆ ಹೋದರು, ನಾಲ್ವರೂ ಕೊನೆಯಲ್ಲಿ ಹೇಳಿದ್ದು ಒಂದೇ ಮಾತು, ಯಾರಿಗೂ ಹೇಳಬೇಡಿ ಎಂದು.

ನಾನು ಹೇಳಲಿಲ್ಲ. ಗಿರಾಕಿಯ ಗುಟ್ಟು ಕಾಯಬೇಕೆಂಬುದು ನೆಪ. ಮೇಲಿನ ಪ್ಲಾನಿನಲ್ಲಿ ನನಗೆ ಕಮಿಷನ್ ಜಾಸ್ತಿ ಎಂಬುದು ನಿಜ. ಒಬ್ಬರೇ ಒಂದು ರೂಮಿನಲ್ಲಿದ್ದರೆ ಹೆಚ್ಚಿಗೆ ಕೊಡಬೇಕು, ಅದಕ್ಕೆ ನಮ್ಮಲ್ಲಿ ಸಿಂಗಲ್ ಸಪ್ಲಿಮೆಂಟ್ ಎನ್ನುತ್ತಾರೆ. ರಂಗಮ್ಮ ಕೊಡಬೇಕಾಗಿದ್ದ ಅದನ್ನು ನಾನೇ ಕೈಯಿಂದ ಕಟ್ಟಿ ದೊಡ್ಡ ಮನುಷ್ಯನಾದೆ ಅಂದುಕೊಂಡೆ.

ಕೊಲಂಬೊದಲ್ಲಿ ಮೊದಲ ಸಂಜೆ ಬಸ್ಸು ದೊಡ್ಡ ಹೋಟೆಲಿನ ಮುಂದೆ ನಿಂತಿತು, ನಾಲ್ವರು ಇಳಿದರು. ಎರಡನೇ ಹೋಟೆಲಿನಲ್ಲಿ ಆರು ಜನ ಎದ್ದರು. ಗುಟ್ಟು ಕಾಯ್ದಿದ್ದ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬ್ಯಾಗು ಹುಡುಕುವವರ ಹಾಗೆ ಬಗ್ಗಿದರು. ರಂಗಮ್ಮನೂ ತಮ್ಮ ಚೀಲ ಹಿಡಿದು ಎದ್ದು ನಿಂತಿದ್ದರು. ನಿಮ್ಮದು ಮುಂದಿನದಮ್ಮ ಎಂದೆ. ಮತ್ತೆ ಕೂತರು. ಖಾಲಿ ಬಸ್ಸಿನಲ್ಲಿ ಡ್ರೈವರ್, ನಾನು, ಹಿಂದೆ ಅವರು. ಅವರನ್ನು ಇಳಿಸಿ ನಾನು ದೊಡ್ಡ ಹೋಟೆಲಿಗೆ ವಾಪಸಾದೆ, ಟೂರ್ ಮ್ಯಾನೇಜರಿಗೆ ಅಲ್ಲಿ ಪುಕ್ಕಟೆ ರೂಮು. ಕ್ಯಾಂಡಿಯಲ್ಲೂ ಇದೇ ಆಯಿತು, ನುವಾರ ಎಲಿಯದಲ್ಲೂ ಇದೇ.

ನಾಲ್ಕನೇ ದಿನ ರೈಲು. ‘ನಾನು ಓಯ’ ಎಂಬ ಸ್ಟೇಷನ್ನಿನಿಂದ ‘ಎಲ್ಲ’ ಊರಿನವರೆಗೆ ಸುಮಾರು ಮೂರು ಗಂಟೆ, ಟೀ ತೋಟಗಳ ನಡುವೆ. ಈ ಪ್ರವಾಸಕ್ಕೆ ಜನ ಬರುವುದೇ ಇದಕ್ಕಾಗಿ. ಎಲ್ಲರನ್ನೂ ಕೂರಿಸಿ ಥರ್ಡ್ ಕ್ಲಾಸಿಗೆ ಹೋದೆ. ರಂಗಮ್ಮನಿಗೆ ಒಳ್ಳೆಯ ಕಿಟಕಿಯೇ ಸಿಕ್ಕಿತ್ತು. ಹೆಂಗಿದೆ ರಂಗಮ್ಮ ಎಂದೆ.

“ಬೋ ಚೆಂದಾಗೈತೆ ಸಾರ್” ಎಂದರು. “ನೋಡ್ರಮ್ಮ ಅಂತ ಎಲ್ಡ್ ಸಲ ಬಾಯ್ ತೆಗ್ದೆ. ಪಕ್ಕದಾಗೆ ಯಾರವ್ರೆ? ಮುಚ್ಕಂಡೆ.”

ನೇರ ಸೆಕೆಂಡ್ ಕ್ಲಾಸಿಗೆ ಹೋಗಿ ಪುಟ್ಟಲಕ್ಷ್ಮಿಯವರಿಗೆ ಹೇಳಿದೆ: ರಂಗಮ್ಮನ ಪಕ್ಕ ಜಾಗವಿದೆ, ಯಾರಾದರೂ ಸ್ವಲ್ಪ ಹೊತ್ತು ಹೋಗಿ ಕೂತುಕೊಳ್ಳಿ. ಅಯ್ಯೋ ಪಾಪ, ಹಪುತಲೆ ಸ್ಟೇಷನ್ ದಾಟಲಿ ಹೋಗುತ್ತೇನೆ ಎಂದರು. ಹಪುತಲೆ ದಾಟಿತು, ಗ್ರೂಪ್ ಫೋಟೊ ನಡೆಯುತ್ತಿತ್ತು. ಬಂಡಾರವೇಲ ಬಂದಾಗ ಇನ್ನೇನು ಇಳಿಯುವುದೇ ಅಲ್ಲವಾ ಎಂದರು. ಅವರು ಕೆಟ್ಟವರಲ್ಲ. ನಾಚಿಕೆಯಾಗಿತ್ತು, ನಾಚಿಕೆಯಾದವರು ಎದ್ದು ಹೋಗುವುದಿಲ್ಲ.

ಕೊನೆಗೆ ನಾನೇ ಹೋಗಿ ರಂಗಮ್ಮನ ಪಕ್ಕ ಕೂತೆ. ಹೊರಗೆ ಬೆಟ್ಟದ ಮೇಲೆ ಬೆಟ್ಟ. ಅವರು ನೋಡುತ್ತಿದ್ದರು, ಆದರೆ ನನಗೆ ಏನನ್ನೂ ತೋರಿಸಲಿಲ್ಲ. ಅವರು ಕಾಯುತ್ತಿದ್ದದ್ದು ನನಗಲ್ಲ. ಇಷ್ಟು ವರ್ಷದಲ್ಲಿ ಅಷ್ಟು ಒಂಟಿ ಅನ್ನಿಸಿದ್ದು ನನಗೆ ಅದೊಂದೇ ಪ್ರಯಾಣ.

ಈಗ ನಾನು ಒಂದು ಗುಂಪಿಗೆ ಒಂದೇ ಪ್ಲಾನ್ ಮಾಡುತ್ತೇನೆ. ಎಲ್ಲರಿಗಿಂತ ಕಡಿಮೆ ಕೊಡಬಲ್ಲವರು ಎಷ್ಟು ಕೊಡಬಲ್ಲರೋ ಅಷ್ಟರಲ್ಲಿ ಎಲ್ಲರೂ. ಒಪ್ಪದವರು ಬೇರೆ ಏಜೆಂಟರ ಹತ್ತಿರ ಹೋಗುತ್ತಾರೆ, ಹೋಗಲಿ. ಬಜೆಟ್ ಎಷ್ಟು ಎನ್ನುವ ಮೊದಲು ಯಾರ ಜೊತೆ ಎಂದು ಕೇಳಬೇಕೆಂಬುದನ್ನು ಕಲಿಯಲು ನನಗೆ ಹತ್ತೊಂಬತ್ತು ವರ್ಷ ಬೇಕಾಯಿತು.

ಕಳೆದ ತಿಂಗಳು ಅದೇ ಟೀಚರುಗಳು ನೇಪಾಳಕ್ಕೆಂದು ಬಂದರು. ಹತ್ತೇ ಜನ. ಹನ್ನೊಂದನೆಯವರೂ ಬರಬೇಕು, ಈ ಸಲ ಎಲ್ಲರಿಗೂ ಒಂದೇ ಹೋಟೆಲ್ ಎಂದೆ. ತಕ್ಷಣ ಒಪ್ಪಿದರು. ರಂಗಮ್ಮ ತಮ್ಮ ರೂಮಿನಲ್ಲೇ ಇರಲಿ ಎಂದು ಪುಟ್ಟಲಕ್ಷ್ಮಿಯವರೇ ಹೇಳಿದರು. ಅವರೆದುರೇ ರಂಗಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

“ಬ್ಯಾಡ ಬುಡಿ ಸಾರ್” ಎಂದರು. “ಒಬ್ಳೇ ಇರಾಕೆ ನಮ್ಮ ಬಡವನಳ್ಳೀನೇ ಆಯ್ತದೆ. ಅಷ್ಟು ದೂರ ಯಾಕ್ ಹೋಗ್ಲಿ?”