ಬೆರಳು ತೋರಿಸಿದ ಮೇಲೆಯೇ ಗುಂಡಿ

ಸಕಾತಾದ ಕಣ್ಣಾಸ್ಪತ್ರೆಯಲ್ಲಿ ಕುರೆಬಯಾಶಿ ಇಪ್ಪತ್ತೆರಡು ವರ್ಷಗಳಿಂದ ಮಿನುಗುಬೆಳಕಿನ ಪರೀಕ್ಷೆ ನಡೆಸುತ್ತಿದ್ದಳು. ಒಂದೇ ಸಮ ಉರಿಯುವಂತೆ ಕಾಣುವಷ್ಟು ವೇಗವಾದ ಬೆಳಕಿನ ಮಿಡಿತವನ್ನು ನಿಧಾನಗೊಳಿಸುತ್ತ ಹೋದಂತೆ, ಅದು ನಡುಗುವುದು ರೋಗಿಗೆ ಯಾವ ಅಂಕಿಯಲ್ಲಿ ಕಂಡಿತೆಂದು ಬರೆದುಕೊಳ್ಳುವುದು ಅವಳ ಕೆಲಸ. ನಿದ್ದೆಗೆಟ್ಟರೆ, ಕಣ್ಣಿನ ಪಾಪೆ ಕಿರಿದಾದರೆ ಅಂಕಿ ಇಳಿಯುವುದನ್ನು ಅವಳು ಬಲ್ಲಳು. ಇಂದಿನ ರೋಗಿ, ಮುದುಕರಾದ ಉಜಿಯೆಯವರ ಮುಂದೆ ಆ ಅರಿವೆಲ್ಲ ಸೋತಿತ್ತು.

ಕ್ಷಯಕ್ಕೆ ಅವರು ನುಂಗುತ್ತಿದ್ದ ಮಾತ್ರೆ ಕಣ್ಣಿನ ನರವನ್ನು ಕೆಡಿಸಬಹುದಿತ್ತು. ಮೂವತ್ತೈದು ದಾಟಬೇಕಾದ ಅಂಕಿ ಇಂದಿನ ಮೂರನೆಯ ಪ್ರಯತ್ನದಲ್ಲೂ ಇಪ್ಪತ್ತೆಂಟೇ. ಹಿಂದಿನ ಸಲದಂತೆ ಇಂದೂ ಕಡಿಮೆ ಬಂದರೆ ಮಾತ್ರೆ ನಿಲ್ಲಿಸುವುದಾಗಿ ವೈದ್ಯರು ಹೇಳಿದ್ದರು.

“ಬೆಳಕು ನಡುಗಿದ ಕೂಡ್ಲೇ ಗುಂಡಿ ಒತ್ತಿ ಅಂದೆನಲ್ಲ, ಉಜಿಯೆ-ಸಾನ್!”

“ಕೂಡ್ಲೇ ಒತ್ತಿದ್ನಲ್ಲಮ್ಮ! ನಲವತ್ತು ವರ್ಷ ರೈಲು ಓಡಿಸಿದೋನು ನಾನು.”

ಕುರೆಬಯಾಶಿ ಹಲ್ಲು ಕಚ್ಚಿ, ಈ ಸಲ ಅಂಕಿಯ ಬದಲು ಅವರನ್ನೇ ನೋಡಿದಳು. ಮುದುಕರ ತೋರುಬೆರಳು ಬೆಳಕಿನತ್ತ ಚಾಚಿತು. “ಮಿನುಗು ಕಂಡಿದೆ, ಖಚಿತ!” ಎಂದು, ಆಸ್ಪತ್ರೆಯೆಂದು ದನಿ ತಗ್ಗಿಸಿ ಹೇಳಿದರು. ಗುಂಡಿ ಒತ್ತಿದ್ದು ಆಮೇಲೆ. ಅಷ್ಟರಲ್ಲಿ ಅಂಕಿ ಹತ್ತು ಇಳಿದಿತ್ತು.

“ಅಯ್ಯೋ, ಇದು ಸಿಗ್ನಲ್ ಅಲ್ಲ! ಮೊದ್ಲು ಒತ್ತಿ, ಆಮೇಲೆ ಹೇಳಿ.”

“ಬೆರಳು ತೋರ್ಸಿ, ಬಾಯ್ಬಿಟ್ಟು ಹೇಳಿ ಖಚಿತ ಮಾಡ್ಕೊಳ್ದೆ ಕೈ ಹಾಕೋದಾ? ರೈಲಿನೋರು ಕೆಲಸದಿಂದ ತೆಗೀತಾರೆ!”

“ಯಾರು ತೆಗೀತಾರೆ? ನಿವೃತ್ತಿ ಆಗಿ ಹದಿನಾಲ್ಕು ವರ್ಷ ಆಯ್ತು!”

ಮತ್ತೆರಡು ಸಲವೂ ಬೆರಳೇ ಮೊದಲು ಎದ್ದಿತು. ಕೊನೆಗೆ ಅವಳು ಗುಂಡಿಯನ್ನು ಕಿತ್ತುಕೊಂಡು, ಬೆರಳು ಎದ್ದ ಕ್ಷಣವೇ ತಾನೇ ಒತ್ತಿದಳು. ಮೂವತ್ತೆಂಟು. ಇನ್ನೊಂದು ಕಣ್ಣಿಗೂ ಅಷ್ಟೇ.

ಅವಳ ವಿವರಣೆ ಓದಿದ ವೈದ್ಯರು ಮಾತ್ರೆ ಮುಂದುವರಿಸಲು ಬರೆದರು. ಉಜಿಯೆ ಆ ಚೀಟಿಗೆ ಬೆರಳು ತೋರಿಸಿದರು.

“ಮಾತ್ರೆ ಮುಂದುವರಿಕೆ, ಖಚಿತ!”

ಆಮೇಲೆಯೇ ಕುರ್ಚಿಯಿಂದ ಎದ್ದರು.